ಅರ್ಧ ನಿಮಿಷದ ದೂತ

ತರಕಾರಿ ಹೆಚ್ಚುವಾಗ ಈಳಿಗೆಯ ಅಲಗು ಬೆರಳಿಗೆ ತಾಗುತ್ತದೆ. ರಕ್ತ ಒಸರುತ್ತದೆ, ಒತ್ತಿ ಹಿಡಿದರೆ ಕೆಲವು ನಿಮಿಷಗಳಲ್ಲಿ ನಿಂತೂ ಹೋಗುತ್ತದೆ. ಗಾಯವಾದೆಡೆ ರಕ್ತ ಹೆಪ್ಪುಗಟ್ಟಬೇಕು. ಉಳಿದೆಡೆ ಹರಿಯುತ್ತಲೇ ಇರಬೇಕು. ಪರಸ್ಪರ ವಿರುದ್ಧವಾದ ಈ ಎರಡು ಆಜ್ಞೆಗಳನ್ನು ಹೊತ್ತು ತರುವ ದೂತರಲ್ಲಿ ಮುಖ್ಯರಾದ ಇಬ್ಬರು ಹುಟ್ಟುವುದು ಕೊಬ್ಬಿನಿಂದ ಎಂದರೆ ಯಾರಿಗಾದರೂ ಸೋಜಿಗವಾದೀತು.

ಕೊಬ್ಬೆಂದರೆ ಮೈಯಲ್ಲಿ ಶೇಖರವಾಗುವ ಇಂಧನ ಎಂಬುದು ಸಾಮಾನ್ಯ ನಂಬಿಕೆ. ಆದರೆ 1930ರ ದಶಕದಲ್ಲಿ ಸ್ವೀಡನ್ನಿನ ಉಲ್ಫ್ ಫಾನ್ ಆಯ್ಲರ್ ಎಂಬ ವಿಜ್ಞಾನಿ, ರಕ್ತದ ಒತ್ತಡವನ್ನು ಇಳಿಸಬಲ್ಲ ಕೊಬ್ಬಿನ ಜಾತಿಯ ವಸ್ತುವೊಂದನ್ನು ವೀರ್ಯದಲ್ಲಿ ಕಂಡನು. ಅದು ಪ್ರಾಸ್ಟೇಟ್ ಗ್ರಂಥಿಯಲ್ಲಿ ಹುಟ್ಟುವುದೆಂದು ಭಾವಿಸಿ ‘ಪ್ರಾಸ್ಟಗ್ಲಾಂಡಿನ್’ ಎಂದು ಹೆಸರಿಟ್ಟನು. ಹೆಸರು ಉಳಿಯಿತು, ಊಹೆ ಉಳಿಯಲಿಲ್ಲ. ದೇಹದ ಬಹುತೇಕ ಎಲ್ಲ ಅಂಗಗಳೂ ಇದರ ಬಳಗದ ವಸ್ತುಗಳನ್ನು ತಯಾರಿಸುತ್ತವೆಂದು ಮುಂದೆ ತಿಳಿದುಬಂದಿತು.

ಜೀವಕೋಶವು ಈ ದೂತರನ್ನು ಕೂಡಿಡುವುದಿಲ್ಲ. ಕೋಶದ ಪೊರೆಯಲ್ಲಿ ಅರಾಕಿಡಾನಿಕ್ ಆಮ್ಲವೆಂಬ ಕೊಬ್ಬಿನ ಎಳೆ ಬಂಧಿತವಾಗಿರುತ್ತದೆ. ಕರೆ ಬಂದಾಗ ಒಂದು ಕಿಣ್ವ ಅದನ್ನು ಬಿಡಿಸುತ್ತದೆ. ಸೈಕ್ಲೊಆಕ್ಸಿಜನೇಸ್ ಎಂಬ ಇನ್ನೊಂದು ಕಿಣ್ವ ಅದಕ್ಕೆ ದೂತನ ರೂಪ ಕೊಡಲಾರಂಭಿಸುತ್ತದೆ. ರಕ್ತದ ಪ್ಲೇಟ್‌ಲೆಟ್ ಕಣಗಳಲ್ಲಿ ಹುಟ್ಟುವ ಥ್ರಾಂಬಾಕ್ಸೇನ್ ‘ಗುಂಪುಗೂಡಿ’ ಎಂದು ಸಾರುತ್ತದೆ. ರಕ್ತನಾಳದ ಒಳಗೋಡೆಯಲ್ಲಿ ಹುಟ್ಟುವ ಪ್ರಾಸ್ಟಸೈಕ್ಲಿನ್ ‘ಚದುರಿ’ ಎನ್ನುತ್ತದೆ. ಸುಮಾರು 30 ಸೆಕೆಂಡುಗಳಲ್ಲಿ ಥ್ರಾಂಬಾಕ್ಸೇನಿನ ಅರ್ಧಭಾಗ ನಿಷ್ಕ್ರಿಯವಾಗುತ್ತದೆ. ಆಜ್ಞೆ ಗಾಯದ ಬಳಿಯೇ ಮುಗಿಯುವುದು ಇದರಿಂದಲೇ. ಈ ತಕ್ಕಡಿ ಓರೆಯಾದರೆ ಒಂದೆಡೆ ಅತಿಯಾದ ರಕ್ತಸ್ರಾವ, ಇನ್ನೊಂದೆಡೆ ಹೃದಯಾಘಾತದ ಅಪಾಯ.

1897ರಲ್ಲಿ ಜರ್ಮನಿಯಲ್ಲಿ ಶುದ್ಧ ರೂಪದಲ್ಲಿ ಸಿದ್ಧವಾದ ಆಸ್ಪಿರಿನ್ ನೋವು, ಜ್ವರಗಳನ್ನು ಇಳಿಸುವುದೇಕೆಂದು ಎಪ್ಪತ್ತು ವರ್ಷ ಕಳೆದರೂ ತಿಳಿದಿರಲಿಲ್ಲ. ಗಂಟಲ ಗ್ರಂಥಿಯ ಶಸ್ತ್ರಚಿಕಿತ್ಸೆಯ ಬಳಿಕ ಆಸ್ಪಿರಿನ್ ಬೆರೆಸಿದ ಗಮ್ ಅಗಿದವರಲ್ಲಿ ರಕ್ತ ಸುಲಭವಾಗಿ ನಿಲ್ಲದಿದ್ದುದನ್ನು ಕ್ಯಾಲಿಫೋರ್ನಿಯದ ವೈದ್ಯ ಲಾರೆನ್ಸ್ ಕ್ರೇವನ್ ಗಮನಿಸಿದ್ದನು. ಈ ಗುಣವೇ ಹೃದಯಾಘಾತವನ್ನು ತಡೆಯಬಹುದೆಂಬ ಅವನ ಮಾತಿಗೆ ಹೆಚ್ಚಿನವರು ಕಿವಿಗೊಡಲಿಲ್ಲ. 1971ರಲ್ಲಿ ಲಂಡನ್ನಿನ ಜಾನ್ ವೇನ್ ಗುಟ್ಟನ್ನು ಬಿಡಿಸಿದನು: ಆಸ್ಪಿರಿನ್ ಪ್ರಾಸ್ಟಗ್ಲಾಂಡಿನ್ನುಗಳ ತಯಾರಿಕೆಯನ್ನೇ ನಿಲ್ಲಿಸುತ್ತದೆ. ಈ ಕ್ಷೇತ್ರದ ಸಂಶೋಧನೆಗಾಗಿ ವೇನ್, ಬೆರ್ಗ್‌ಸ್ಟ್ರಂ ಮತ್ತು ಸ್ಯಾಮುಯೆಲ್‌ಸನ್ 1982ರ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು.

ಪ್ಲೇಟ್‌ಲೆಟ್‌ಗೆ ಕೋಶಕೇಂದ್ರವಿಲ್ಲ. ಆಸ್ಪಿರಿನ್ ಕೆಡಿಸಿದ ಕಿಣ್ವಕ್ಕೆ ಬದಲಾಗಿ ಹೊಸದನ್ನು ಅದು ತಯಾರಿಸಲಾರದು; ತನ್ನ ಆಯುಸ್ಸಿನ 7ರಿಂದ 10 ದಿನಗಳನ್ನು ಹಾಗೆಯೇ ಕಳೆಯುತ್ತದೆ. ರಕ್ತನಾಳದ ಕೋಶಗಳಾದರೋ ಬೇಗನೆ ಚೇತರಿಸಿಕೊಳ್ಳುತ್ತವೆ. ಆದುದರಿಂದ ದಿನಕ್ಕೊಂದು ಚಿಕ್ಕ ಗುಳಿಗೆಯೇ ತಕ್ಕಡಿಯನ್ನು ‘ಚದುರಿ’ ಎಂಬತ್ತ ವಾಲಿಸುತ್ತದೆ. ಒಮ್ಮೆ ಹೃದಯಾಘಾತಕ್ಕೆ ಒಳಗಾದವರಿಗೆ ವೈದ್ಯರು ಇದನ್ನು ಕೊಡುವುದು ಈ ಕಾರಣದಿಂದ.

ಆದರೆ ಜಠರದ ಒಳಪದರವನ್ನು ಆಮ್ಲದಿಂದ ಕಾಯುವವೂ ಪ್ರಾಸ್ಟಗ್ಲಾಂಡಿನ್ನುಗಳೇ. ಅವು ಕುಂದಿದರೆ ಹುಣ್ಣಾಗಿ ರಕ್ತ ಸೋರಬಹುದು. ಡೆಂಗಿ ಜ್ವರದಲ್ಲಂತೂ ಪ್ಲೇಟ್‌ಲೆಟ್‌ಗಳು ಮೊದಲೇ ಕಡಮೆಯಾಗುವುದರಿಂದ ಆಸ್ಪಿರಿನ್ ಕೂಡದು. ಮಳೆಗಾಲದಲ್ಲಿ ಜ್ವರ ಬಂದೊಡನೆ ಅಂಗಡಿಯ ಗುಳಿಗೆಗೆ ಕೈಚಾಚುವವರು ಇದನ್ನು ಮರೆಯಬಾರದು. ಆರೋಗ್ಯವಂತರು ‘ಹೃದಯಕ್ಕೆ ಒಳ್ಳೆಯದು’ ಎಂದು ತಾವಾಗಿಯೇ ಇದನ್ನು ಆರಂಭಿಸುವುದೂ ಸಲ್ಲದು. ದೇಹವು ಅರ್ಧ ನಿಮಿಷದ ಲೆಕ್ಕದಲ್ಲಿ ತೂಗಿಡುವ ತಕ್ಕಡಿಗೆ ಕೈಯಿಡುವ ಮೊದಲು ವೈದ್ಯರನ್ನು ಕೇಳುವುದೇ ಜಾಣತನ.