ಪಾಯಿಂಟ್ ನೂರು ಬಂತು, ಹೇಳಿಕೊಡೋಕೆ ಬಂತಾ?

ವಿಟಿಯು ಕಾಲೇಜುಗಳಲ್ಲಿ ಓದುವ ನಮಗೆಲ್ಲ ಈ ಲೆಕ್ಕ ಬಾಯಿಪಾಠ. ನಾಲ್ಕು ವರ್ಷದ ಬಿ.ಇ.ಗೆ 100 ಆಕ್ಟಿವಿಟಿ ಪಾಯಿಂಟ್. ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಬಂದವರಿಗೆ 75. ಸಿಜಿಪಿಎಗೆ ಸೇರಲ್ಲ, ಆದರೆ ಇದಿಲ್ಲದೆ ಡಿಗ್ರಿ ಕೈಗೆ ಬರಲ್ಲ. ಎಐಸಿಟಿಇ ಪಟ್ಟಿಯಲ್ಲಿ ಊರಿನ ಶಾಲೆಗಳಿಗೆ ನೆರವಾಗುವುದು, ಹಳ್ಳಿಗಳಲ್ಲಿ ಜಾಗೃತಿ ಮೂಡಿಸುವುದು ಎರಡೂ ಇವೆ. 80 ಗಂಟೆ ಕೆಲಸಕ್ಕೆ 20 ಪಾಯಿಂಟ್. ಫೋಟೊ, ರಿಪೋರ್ಟ್, ಸಹಿ, ಮುಗೀತು.

ಈ ಲೆಕ್ಕದಲ್ಲಿ ಗಂಟೆಗಳು ಸಿಗುತ್ತವೆ. ಹೋದವರಿಗೆ ಹೇಳಿಕೊಡೋಕೆ ಬರುತ್ತಾ ಅನ್ನೋದು ಸಿಗಲ್ಲ.

ಪಿಯರ್ ಎಜುಕೇಟರ್ ಅಂದ್ರೆ ಯಾರು?

ತನ್ನ ವಯಸ್ಸಿನವರಿಗೆ, ತನ್ನಂಥವರಿಗೆ ತಿಳಿಸಿ ಹೇಳಲು ತರಬೇತಿ ಪಡೆದವರು. 2014ರ ಜನವರಿ 7ರಂದು ಶುರುವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ 10ರಿಂದ 19 ವರ್ಷದವರಿಗಾಗಿ ಇಂಥವರನ್ನು ಹಳ್ಳಿಗಳಲ್ಲೇ ಆರಿಸುತ್ತದೆ. ಕಾಲೇಜುಗಳ ರೆಡ್ ರಿಬ್ಬನ್ ಕ್ಲಬ್ ಎಚ್‌ಐವಿ ಜಾಗೃತಿ, ರಕ್ತದಾನದ ಕೆಲಸಕ್ಕೆ ವಿದ್ಯಾರ್ಥಿಗಳನ್ನೇ ತಯಾರು ಮಾಡುತ್ತದೆ. ಕರ್ನಾಟಕ ಸರ್ಕಾರವು ನಿಮ್ಹಾನ್ಸ್ ಜೊತೆ ನಡೆಸುವ ಯುವ ಸ್ಪಂದನದಲ್ಲಿ ತರಬೇತಿ ಪಡೆದ ಯುವಜನರನ್ನು ‘ಯುವ ಪರಿವರ್ತಕರು’ ಅನ್ನುತ್ತಾರೆ. 1969ರಿಂದ ಇರುವ ಎನ್‌ಎಸ್‌ಎಸ್‌ನಲ್ಲಿ ಎರಡು ವರ್ಷಕ್ಕೆ 240 ಗಂಟೆ, ಏಳು ದಿನದ ಒಂದು ಶಿಬಿರ ಮುಗಿಸಿದರೆ ಪ್ರಮಾಣಪತ್ರ.

ಮೇಷ್ಟ್ರ ಹತ್ತಿರ, ಡಾಕ್ಟರ ಹತ್ತಿರ ಕೇಳಲು ನಾಚುವುದನ್ನು ಗೆಳೆಯನ ಹತ್ತಿರ ಕೇಳ್ತೀವಿ. ಅದೇ ಈ ಪದ್ಧತಿಯ ಶಕ್ತಿ. ಗೆಳೆಯ ತಪ್ಪು ಹೇಳಿದರೂ ನಂಬ್ತೀವಿ. ಅಪಾಯ ಇರೋದೂ ಅಲ್ಲೇ.

ನಿಲ್ಕುಂದಕ್ಕೆ ಹೋಗೋಣ

ಸಿದ್ದಾಪುರ ತಾಲ್ಲೂಕಿನ ನಿಲ್ಕುಂದ ಘಟ್ಟದ ಅಂಚಿನ ಊರು. ಈ ಕಡೆ ಅಡಿಕೆ ತೋಟ, ಅದರ ಬೆನ್ನಿಗೆ ಸೊಪ್ಪಿನ ಬೆಟ್ಟ. ಚಳಿಗಾಲದಿಂದ ಬೇಸಿಗೆವರೆಗೆ ಸೊಪ್ಪು, ದರಕು ತರಲು ಜನ ಬೆಟ್ಟಕ್ಕೆ ಹೋಗಲೇಬೇಕು. ಮಂಗನ ಕಾಯಿಲೆಯ ಕಾಲವೂ ಅದೇ. 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ ಗುರುತಿಸಿದ ಈ ಜ್ವರ 2024ರಲ್ಲಿ ಸಿದ್ದಾಪುರ ತಾಲ್ಲೂಕಿನಲ್ಲಿ ಜೀವ ತೆಗೆದಿದೆ.

ಅಂಥ ಊರಿಗೆ ನಮ್ಮ ತಂಡ ಜಾಗೃತಿಗೆ ಹೋಯ್ತು ಅಂದ್ಕೊಳ್ಳಿ. ಏನೇನು ಗೊತ್ತಿರಬೇಕು? ಉಣುಗು ಕಚ್ಚುವುದರಿಂದ ಬರುತ್ತೆ, ಮನುಷ್ಯರಿಂದ ಮನುಷ್ಯರಿಗೆ ಹರಡಲ್ಲ. ಹಾಗಾಗಿ ರೋಗ ಬಂದವರ ಮನೆಯನ್ನು ದೂರ ಇಡಬೇಕಿಲ್ಲ. ಬೆಟ್ಟಕ್ಕೆ ಹೊರಡುವ ಮುಂಚೆ ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆ ಹಚ್ಚಬೇಕು; ಬಂದ ಮೇಲೆ ಬಿಸಿನೀರ ಸ್ನಾನ, ಬಟ್ಟೆ ಒಗೆಯುವುದು. ಸತ್ತ ಮಂಗ ಕಂಡರೆ ಮುಟ್ಟದೆ ತಿಳಿಸಬೇಕು. ಜ್ವರ, ತಲೆನೋವು, ಮೈಕೈ ನೋವು ಒಮ್ಮೆಲೇ ಬಂದರೆ ಆ ದಿನವೇ ಪ್ರಾಥಮಿಕ ಆರೋಗ್ಯ ಕೇಂದ್ರ.

ಇನ್ನೊಂದು ವಿಷಯ. ಈ ಕಾಯಿಲೆಗೆ ದಶಕಗಳಿಂದ ಕೊಡುತ್ತಿದ್ದ ಲಸಿಕೆ ಸಾಕಷ್ಟು ಪರಿಣಾಮಕಾರಿಯಲ್ಲ ಎಂದು 2022ರಲ್ಲಿ ನಿಂತಿತು. 2020ರಲ್ಲಿ ತರಬೇತಿ ಪಡೆದವರೊಬ್ಬರು 2024ರಲ್ಲೂ ‘ಲಸಿಕೆ ಹಾಕಿಸ್ಕೊಳ್ಳಿ ಸಾಕು’ ಅಂದರೆ? ‘ಇದು ಬರೀ ವೈರಲ್ ಫೀವರ್, ಎರಡು ದಿನ ನೋಡಿ’ ಅಂದರೆ? ಪ್ರಮಾಣಪತ್ರ ಸರಿಯಾಗೇ ಇದೆ, ಗಂಟೆಯೂ ಸರಿ. ಹೋಗೋದು ಮಾತ್ರ ಯಾರದ್ದೋ ಮನೆಯವರ ಜೀವ.

ಸಹಿ ಯಾವಾಗ ಬೀಳಬೇಕು?

ಲ್ಯಾಬಿನಲ್ಲಿ ಕೂತಿದ್ದಕ್ಕೆ ರೆಕಾರ್ಡಿಗೆ ಸಹಿ ಬೀಳಲ್ಲ. ಔಟ್‌ಪುಟ್ ತೋರಿಸಬೇಕು, ವೈವಾ ಇರುತ್ತೆ. ಇಲ್ಲೂ ಅದೇ ಬೇಕು ಅನ್ನೋದು ನಮ್ಮ ವಾದ. ಮೂರು ಪರೀಕ್ಷೆ ಸಾಕು.

ಒಂದು, ವಿಷಯ. ಎದುರಿಗೆ ಒಬ್ಬರು ಊರಿನ ಅಜ್ಜಿಯಾಗಿ ಕೂರಲಿ, ಅಡ್ಡ ಪ್ರಶ್ನೆ ಹಾಕಲಿ. ಪಿಪಿಟಿ ಇಲ್ಲದೆ, ಅಜ್ಜಿಗೆ ತಿಳಿಯುವ ಮಾತಲ್ಲಿ ಹೇಳೋಕೆ ಬರಬೇಕು.

ಎರಡು, ಕೇಳುವುದು. ‘ಅರ್ಥ ಆಯ್ತಾ?’ ಅಂದರೆ ಎಲ್ಲರೂ ‘ಹೂಂ’ ಅಂತಾರೆ. ‘ನಾಳೆ ಬೆಟ್ಟಕ್ಕೆ ಹೋಗುವಾಗ ಏನು ಮಾಡ್ತೀರಿ?’ ಅಂತ ಕೇಳಿ ಅವರ ಬಾಯಿಂದಲೇ ಹೇಳಿಸಬೇಕು.

ಮೂರು, ಮಿತಿ. ಇದೇ ದೊಡ್ಡದು. ನಾವು ಡಾಕ್ಟರಲ್ಲ, ಕೌನ್ಸೆಲರ್ ಅಲ್ಲ. ‘ನನಗೆ ಗೊತ್ತಿಲ್ಲ, ಗೊತ್ತಿರುವವರ ಹತ್ತಿರ ಜೊತೆಗೇ ಹೋಗೋಣ’ ಅನ್ನೋಕೆ ಕಲಿಯಬೇಕು. ಊರಲ್ಲಾದರೆ ಆಶಾ ಕಾರ್ಯಕರ್ತೆ ಇದ್ದಾರೆ. ಹಾಸ್ಟೆಲಿನಲ್ಲಿ ಗೆಳೆಯ ಮನಸ್ಸಿನ ಸಂಕಟ ಹೇಳಿಕೊಂಡರೆ ಟೆಲಿ ಮಾನಸ್ 14416 ಇದೆ, ಹಗಲು ರಾತ್ರಿ. ಅವನು ಹೇಳಿದ್ದನ್ನು ವಾಟ್ಸಾಪ್ ಗ್ರೂಪಿಗೆ ಹಾಕುವವರಿಗೆ ಸರ್ಟಿಫಿಕೇಟ್ ಕೊಡಲೇಬಾರದು. ಜೀವಕ್ಕೆ ಅಪಾಯ ಅನ್ನಿಸಿದರೆ ಮಾತ್ರ ಗುಟ್ಟು ಇಟ್ಟುಕೊಳ್ಳದೆ ತಕ್ಷಣ ದೊಡ್ಡವರಿಗೆ ತಿಳಿಸಬೇಕು.

ಇಷ್ಟಾದ ಮೇಲೆ ಪ್ರಮಾಣಪತ್ರದಲ್ಲಿ ಮೂರು ಸಾಲು ಹೆಚ್ಚಿಗೆ ಬರೆಯಲಿ: ಯಾವ ವಿಷಯಕ್ಕೆ, ಯಾರು ಪರೀಕ್ಷಿಸಿದರು, ಎಲ್ಲಿವರೆಗೆ ಚಾಲ್ತಿ. ಒಂದು ವರ್ಷ ಸಾಕು. ಲಸಿಕೆಯ ಕತೆ ನೋಡಿದಿರಲ್ಲ, ಮಾಹಿತಿಗೂ ಎಕ್ಸ್‌ಪೈರಿ ಡೇಟ್ ಇರುತ್ತೆ.

ಇದಕ್ಕೆ ಹೊಸ ನಿಯಮ ಬರಲಿ ಅಂತ ಕಾಯಬೇಕಿಲ್ಲ. ಮುಂದಿನ ಶಿಬಿರಕ್ಕೆ ಬಸ್ ಹತ್ತುವ ಮುಂಚೆ ಒಂದು ಸಂಜೆ ಕ್ಲಾಸ್‌ರೂಮಿನಲ್ಲಿ ಕೂತು, ಒಬ್ಬರಿಗೊಬ್ಬರು ಅಜ್ಜಿಯಾಗಿ ಪ್ರಶ್ನೆ ಕೇಳಿಕೊಂಡರೆ ಆಯ್ತು. ಉತ್ತರ ಬಾರದವರು ಈ ಸಲ ಬ್ಯಾನರ್ ಹಿಡಿಯಲಿ, ಮುಂದಿನ ಸಲ ಮಾತಾಡಲಿ.