ನೆರೆನೀರಿನಲ್ಲಿ ಮುಳುಗಿದ ಸ್ಟಾರ್ಟರ್ ಪೆಟ್ಟಿಗೆ ಹಾಗೂ ವಿದ್ಯುನ್ಮಾನ ಉಪಕರಣಗಳ ರಕ್ಷಣೆ

2020ರ ಅಕ್ಟೋಬರ್‌ನಲ್ಲಿ ಭೀಮಾ ನದಿಗೆ ಬಂದ ಪ್ರವಾಹವು ಅಫಜಲಪುರ ಹಾಗೂ ಜೇವರ್ಗಿ ತಾಲ್ಲೂಕುಗಳ ನದಿತೀರದ ಹೊಲಗಳನ್ನು ಮುಳುಗಿಸಿತು. ಇಂತಹ ನೆರೆಯಲ್ಲಿ ಬೆಳೆಯ ಜೊತೆಗೆ ಪಂಪ್‌ಸೆಟ್‌ನ ಸ್ಟಾರ್ಟರ್ ಪೆಟ್ಟಿಗೆ, ಸೌರ ಪಂಪಿನ ಕಂಟ್ರೋಲರ್, ಬ್ಯಾಟರಿ ಚಾಲಿತ ಸಿಂಪಡಣಾ ಯಂತ್ರ ಹಾಗೂ ಮೊಬೈಲ್‌ಗಳೂ ನೀರು ಸೇರುತ್ತವೆ. ನೀರು ಇಳಿದ ನಂತರ ಅವುಗಳನ್ನು ಬಿಸಿಲಿಗಿಟ್ಟು, ಒಣಗಿದೊಡನೆ ಚಾಲೂ ಮಾಡುವುದು ಸಾಮಾನ್ಯ ರೂಢಿ. ಉಪಕರಣ ಶಾಶ್ವತವಾಗಿ ಕೆಡುವುದು ಬಹುತೇಕ ಈ ಹಂತದಲ್ಲಿಯೇ.

ಹಾನಿಗೆ ಕಾರಣ

ನೀರು ಆರಿಹೋಗುತ್ತದೆ; ಅದರಲ್ಲಿದ್ದ ಲವಣ ಉಳಿಯುತ್ತದೆ. ನೆರೆನೀರಿನಲ್ಲಿ ಚೌಳು ಭೂಮಿಯ ಉಪ್ಪು, ಯೂರಿಯಾ, ಪೊಟ್ಯಾಷ್ ಗೊಬ್ಬರ ಹಾಗೂ ಕೊಟ್ಟಿಗೆಯ ಗಂಜಲ ಬೆರೆತಿರುತ್ತವೆ. ಪೊಟ್ಯಾಷ್ ಗೊಬ್ಬರವೂ ಅಡುಗೆ ಉಪ್ಪಿನಂತೆ ಒಂದು ಕ್ಲೋರೈಡ್ ಲವಣವೇ. ಆದ್ದರಿಂದ ಸಮುದ್ರದ ನೀರು ತಗುಲಿದ ಉಪಕರಣಕ್ಕೆ ಅನುಸರಿಸುವ ಕ್ರಮವೇ ಇಲ್ಲಿಗೂ ಅನ್ವಯಿಸುತ್ತದೆ. ಲವಣದ ಪದರವು ಗಾಳಿಯ ತೇವವನ್ನು ಹೀರಿಕೊಂಡು ವಿದ್ಯುತ್ತಿಗೆ ದಾರಿಯಾಗುತ್ತದೆ. ವಿದ್ಯುತ್ ಹರಿದರೆ ಸರ್ಕ್ಯೂಟ್ ಬೋರ್ಡಿನ ತಾಮ್ರದ ಗೆರೆಗಳು ಬೇಗನೆ ಹಸಿರು ಕಿಲುಬು ಹಿಡಿದು ತುಂಡಾಗುತ್ತವೆ. ಎರೆಮಣ್ಣಿನ ಕೆಸರು ತೇವವನ್ನು ಬಹುಕಾಲ ಹಿಡಿದಿಟ್ಟು ಹಾನಿಯನ್ನು ಹೆಚ್ಚಿಸುತ್ತದೆ. ಆದ್ದರಿಂದ ಮೊದಲು ತೊಳೆಯಬೇಕು, ನಂತರ ಒಣಗಿಸಬೇಕು, ಕೊನೆಗೆ ಪರೀಕ್ಷಿಸಬೇಕು.

ಅನುಸರಿಸಬೇಕಾದ ಕ್ರಮಗಳು

1. ನೀರಿನಲ್ಲಿ ನಿಂತು ಯಾವ ಸ್ವಿಚ್ಚನ್ನೂ ಮುಟ್ಟಬಾರದು. ಜೆಸ್ಕಾಂ ಲೈನ್‌ಮನ್ ಅವರಿಗೆ ಅಥವಾ 1912ಕ್ಕೆ ತಿಳಿಸಿ, ಸಂಪರ್ಕ ಕಡಿತವಾದುದನ್ನು ಖಚಿತಪಡಿಸಿಕೊಳ್ಳಬೇಕು.

2. ಬಿಸಿಲಿರುವವರೆಗೆ ಸೌರ ಫಲಕಗಳು ವಿದ್ಯುತ್ ಉತ್ಪಾದಿಸುತ್ತಲೇ ಇರುತ್ತವೆ, ಕೆಪಾಸಿಟರ್‌ಗಳಲ್ಲಿಯೂ ವಿದ್ಯುತ್ ಉಳಿದಿರುತ್ತದೆ. ಆದ್ದರಿಂದ ಕಂಟ್ರೋಲರನ್ನು ತಂತ್ರಜ್ಞರಿಂದಲೇ ತೆರೆಯಿಸಬೇಕು.

3. ಏನನ್ನೂ ಬಿಚ್ಚುವ ಮೊದಲು ಛಾಯಾಚಿತ್ರ ತೆಗೆದಿಡಬೇಕು. ಪರಿಹಾರ ಅಥವಾ ವಿಮೆಯ ಅರ್ಜಿಗೆ ಅದು ನೆರವಾಗುತ್ತದೆ.

4. ಮೊಬೈಲ್ ಹಾಗೂ ಸಿಂಪಡಣಾ ಯಂತ್ರವನ್ನು ಚಾಲೂ ಮಾಡಬಾರದು, ಚಾರ್ಜಿಗೆ ಹಾಕಬಾರದು. ಬಿಚ್ಚಲು ಬರುವ ಬ್ಯಾಟರಿಯನ್ನು ಬೇರ್ಪಡಿಸಬೇಕು. ನೆನೆದ ಲಿಥಿಯಂ ಬ್ಯಾಟರಿ ದಿನಗಳ ನಂತರವೂ ಹೊತ್ತಿಕೊಳ್ಳಬಹುದು. ಅದನ್ನು ಮನೆ, ಮೇವಿನ ಬಣವೆಗಳಿಂದ ದೂರವಿಡಬೇಕು, ಮತ್ತೆ ಬಳಸಬಾರದು.

5. ಬೇರ್ಪಡಿಸಿದ ಸರ್ಕ್ಯೂಟ್ ಬೋರ್ಡಿನ ಕೆಸರನ್ನು ಒಣಗುವ ಮೊದಲೇ ಸಿಹಿನೀರು ಹಾಗೂ ಮೃದು ಕುಂಚದಿಂದ ತೆಗೆಯಬೇಕು. ಕೊನೆಯ ತೊಳೆತಕ್ಕೆ ಬ್ಯಾಟರಿ ಅಂಗಡಿಯಲ್ಲಿ ದೊರೆಯುವ ಡಿಸ್ಟಿಲ್ಡ್ ನೀರನ್ನೇ ಬಳಸಬೇಕು. ಬ್ಯಾಟರಿಯ ಆಸಿಡ್ ಅಲ್ಲ. ಗಡಸು ಕೊಳವೆಬಾವಿ ನೀರು ಮತ್ತೆ ಲವಣ ಬಿಡುತ್ತದೆ. ಪೆಟ್ರೋಲ್, ಸೀಮೆಎಣ್ಣೆ, ಥಿನ್ನರ್ ಸಲ್ಲದು.

6. ನೆರಳಿನಲ್ಲಿ, ಫ್ಯಾನಿನ ಗಾಳಿಯಲ್ಲಿ ಎರಡು–ಮೂರು ದಿನ ಒಣಗಿಸಬೇಕು. ಒಲೆಯ ಬಿಸಿ ಪ್ಲಾಸ್ಟಿಕ್ ಭಾಗಗಳನ್ನು ಕೆಡಿಸುತ್ತದೆ. ಮೊಬೈಲನ್ನು ಅಕ್ಕಿಯಲ್ಲಿ ಹೂಳುವುದರಿಂದ ಲವಣ ಹೋಗುವುದಿಲ್ಲ. ಅದನ್ನು ಆದಷ್ಟು ಬೇಗ ದುರಸ್ತಿಗಾರರಿಂದ ಬಿಚ್ಚಿಸಿ ತೊಳೆಸಬೇಕು.

ಯಾವುದನ್ನು ಉಳಿಸಬಹುದು?

ಸಬ್‌ಮರ್ಸಿಬಲ್ ಮೋಟಾರ್ ನೀರಿನಲ್ಲಿಯೇ ಕೆಲಸ ಮಾಡುವಂತಹುದು. ಅದರ ಕೇಬಲ್ ಜೋಡಣೆಗಳನ್ನು ಪರಿಶೀಲಿಸಬೇಕು. ನೀರು ಹೊಕ್ಕ ಮೊನೊಬ್ಲಾಕ್ ಮೋಟಾರನ್ನು ರಿವೈಂಡಿಂಗ್ ಅಂಗಡಿಯಲ್ಲಿ ಬಿಚ್ಚಿಸಿ, ತೊಳೆಸಿ, ಒಣಗಿಸಿ, ಮೆಗ್ಗರ್‌ನಿಂದ ಅಳೆಯಿಸಬೇಕು. ಅಳತೆ 1 ಮೆಗಾಓಮ್‌ಗಿಂತ ಕಡಿಮೆಯಿದ್ದರೆ ವಿದ್ಯುತ್ ಕೊಡಬಾರದು. ಎಂ.ಸಿ.ಬಿ. ಹಾಗೂ ಸೋರಿಕೆ ತಡೆಯುವ ಬ್ರೇಕರ್‌ಗಳನ್ನು ತೊಳೆದು ಬಳಸದೆ ಹೊಸದನ್ನೇ ಹಾಕಿಸಬೇಕು. ಒಳಗೆ ಕೆಸರು ಉಳಿದ ಬ್ರೇಕರ್ ಆಪತ್ತಿನಲ್ಲಿ ಕೈಕೊಟ್ಟರೆ ಹೋಗುವುದು ಮೋಟಾರಲ್ಲ, ಮನುಷ್ಯನ ಪ್ರಾಣ.

ಮುನ್ನೆಚ್ಚರಿಕೆ

ಮಹಾರಾಷ್ಟ್ರದ ಉಜನಿ ಜಲಾಶಯ ಅಥವಾ ಅಫಜಲಪುರ ತಾಲ್ಲೂಕಿನ ಸೊನ್ನ ಬ್ಯಾರೇಜಿನಿಂದ ನೀರು ಬಿಡುವ ಸೂಚನೆ ಬಂದೊಡನೆ, ಹೊಳೆ ಏರುವ ಮೊದಲೇ ಭೀಮಾ ತೀರದ ರೈತರು ವಿದ್ಯುತ್ ಕಡಿತಗೊಳಿಸಿ ಸ್ಟಾರ್ಟರ್ ಪೆಟ್ಟಿಗೆಯನ್ನು ಬಿಚ್ಚಿಸಿ ಎತ್ತರಕ್ಕೆ ಸಾಗಿಸಬೇಕು. ಆಳಂದ ತಾಲ್ಲೂಕಿನ ಅಮರ್ಜಾ ನದಿ ಹಾಗೂ ಹಳ್ಳಗಳ ಬದಿಯವರೂ ಮಳೆಗಾಲದಲ್ಲಿ ಇದೇ ಎಚ್ಚರ ವಹಿಸಬೇಕು. ಹಿಂದಿನ ನೆರೆಯ ಗುರುತಿಗಿಂತ ಮೇಲೆ ಪೆಟ್ಟಿಗೆಯನ್ನು ಅಳವಡಿಸುವುದೇ ಶಾಶ್ವತ ಪರಿಹಾರ. ವಿಸ್ತರಣಾ ಕಾರ್ಯಕರ್ತರು ಮುಂಗಾರಿಗೆ ಮುನ್ನವೇ ಗ್ರಾಮಸಭೆಗಳಲ್ಲಿ ಈ ಕ್ರಮಗಳನ್ನು ತಿಳಿಸುವುದು ಸೂಕ್ತ.