ಬೆಂಗಳೂರಿನ ವಸತಿ ಯೋಜನೆಯೂ ಸ್ಥಳೀಯ ಆಡಳಿತದ ಸುಧಾರಣೆಯೂ

ಮನೆಗಳನ್ನು ಎಲ್ಲಿ ಕಟ್ಟತಕ್ಕದ್ದೆಂಬುದು ಒಂದು ಪ್ರಶ್ನೆ. ಆ ಮನೆಗಳಲ್ಲಿ ವಾಸಿಸುವವರು ಯಾವ ಸಭೆಯ ಆಡಳಿತಕ್ಕೆ ಒಳಪಡತಕ್ಕದ್ದೆಂಬುದು ಮತ್ತೊಂದು. ಶಾಸನಗಳಲ್ಲಿ ಇವೆರಡೂ ಬೇರೆ ಬೇರೆ ಅಧ್ಯಾಯಗಳಿಗೆ ಸೇರಿವೆ. ಆದರೆ ನಿವಾಸಿಗಳ ದೈನಂದಿನ ಬಾಳಿನಲ್ಲಿ ಇವನ್ನು ಬೇರ್ಪಡಿಸಲು ಬರುವುದಿಲ್ಲ. ನೀರು, ಚರಂಡಿ, ಬೀದಿ, ಆಟದ ಬಯಲು ಇವುಗಳೆಲ್ಲ ಈ ಎರಡು ಪ್ರಶ್ನೆಗಳಿಗೂ ಏಕಕಾಲದಲ್ಲಿ ಉತ್ತರವನ್ನು ಬೇಡುತ್ತವೆ. ಉತ್ತರ ಕೊಡುವವರು ಇಬ್ಬರಾದಾಗ ಜನಸಮುದಾಯಕ್ಕೆ ಏನಾಗುವುದೆಂಬುದನ್ನು ಬೆಂಗಳೂರಿನ ನಿದರ್ಶನದಿಂದ ವಿವೇಚಿಸುವುದೇ ಈ ಲೇಖನದ ಉದ್ದೇಶ.

ಬೆಂಗಳೂರಿನ ನಗರಭಾಗಕ್ಕೂ ದಂಡುಪ್ರದೇಶಕ್ಕೂ 1862ರಲ್ಲಿ ಪ್ರತ್ಯೇಕ ಪುರಸಭೆಗಳು ಏರ್ಪಟ್ಟವು. 1898ರಲ್ಲಿ ಪ್ಲೇಗು ಹಬ್ಬಿದಾಗ ಕಿಕ್ಕಿರಿದ ಪೇಟೆಯ ಬೀದಿಗಳನ್ನು ಬಿಟ್ಟು ಹೊರಗೆ ನೆಲಸುವುದು ಅನಿವಾರ್ಯವಾಯಿತು. ಬಸವನಗುಡಿ, ಮಲ್ಲೇಶ್ವರಗಳು ಬೆಳೆಯುವುದಕ್ಕೆ ಇದು ಪ್ರಬಲವಾದ ಕಾರಣವಾಯಿತು. ನಗರ ವಿಸ್ತರಣೆಗೆಂದೇ ಒಂದು ಪ್ರತ್ಯೇಕ ಸಂಸ್ಥೆ ಹುಟ್ಟಿದ್ದು 1945ರಲ್ಲಿ; ಅದು ನಗರಾಭಿವೃದ್ಧಿ ವಿಶ್ವಸ್ತ ಮಂಡಳಿ. ಎರಡು ಪುರಸಭೆಗಳು ಒಂದುಗೂಡಿ ನಗರಸಭೆಯಾದದ್ದು 1949ರಲ್ಲಿ. ಹೀಗೆ ನಗರಕ್ಕೆ ಒಂದೇ ಚುನಾಯಿತ ಸಭೆ ದೊರೆಯುವ ವೇಳೆಗಾಗಲೇ ಬಡಾವಣೆಗಳನ್ನು ರಚಿಸುವ ಅಧಿಕಾರವು ಬೇರೆಯವರ ಕೈ ಸೇರಿದ್ದಿತು.

ಈ ಏರ್ಪಾಟಿನಿಂದ ಒದಗಿದ ಪ್ರಯೋಜನವನ್ನು ಅಲ್ಲಗಳೆಯಲಾಗದು. ಭೂಮಿಯನ್ನು ಸ್ವಾಧೀನಪಡಿಸಿಕೊಳ್ಳುವುದು, ಬಂಡವಾಳವನ್ನು ತೊಡಗಿಸುವುದು, ಬೀದಿಗಳನ್ನು ಅಳೆದು ನಿವೇಶನಗಳನ್ನು ಹಂಚುವುದು ತಜ್ಞರ ಕೆಲಸ. ವಿಶ್ವಸ್ತ ಮಂಡಳಿಯ ಸ್ಥಾನಕ್ಕೆ 1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು ಬಂದಿತು. ಜಯನಗರ, ಇಂದಿರಾನಗರ, ಕೋರಮಂಗಲ ಮುಂತಾದ ಬಡಾವಣೆಗಳು ಈ ಎರಡು ಸಂಸ್ಥೆಗಳ ಕಾಲದಲ್ಲಿ ರೂಪುಗೊಂಡವು. ಆದರೆ ಬೀದಿಯನ್ನು ರಚಿಸುವವರು ಒಬ್ಬರು, ಅದನ್ನು ಮುಂದೆ ಕಾಪಾಡುವವರು ಇನ್ನೊಬ್ಬರು. ನೀರನ್ನೊದಗಿಸುವ ಹೊಣೆ 1964ರಲ್ಲಿ ಸ್ಥಾಪಿತವಾದ ಜಲಮಂಡಳಿಯದು. ನಿವಾಸಿಯ ಮತವಾದರೋ ಇವರಲ್ಲಿ ನಗರಸಭೆಗೆ ಮಾತ್ರ ಸಲ್ಲುವುದು.

ಈ ಅಂತರದ ಭಾರವನ್ನು ಹೊತ್ತವು ಮುಖ್ಯವಾಗಿ ಸುತ್ತಣ ಹಳ್ಳಿಗಳು. ಬಡಾವಣೆಗೆಂದು ಹೊಲಗದ್ದೆಗಳು ಸ್ವಾಧೀನವಾದರೂ ಮನೆಗಳಿರುವ ಗ್ರಾಮಠಾಣವನ್ನು ಸಾಮಾನ್ಯವಾಗಿ ಹಾಗೆಯೇ ಬಿಡಲಾಗುತ್ತದೆ. ಉಳುವವನಿಗೆ ಪರಿಹಾರಧನವು ಬರಬಹುದು. ಆದರೆ ಆ ಹೊಲದಲ್ಲಿ ಕೂಲಿ ಮಾಡುತ್ತಿದ್ದವನಿಗೆ, ಗೋಮಾಳದಲ್ಲಿ ದನ ಮೇಯಿಸುತ್ತಿದ್ದವನಿಗೆ ಕಳೆದುಹೋದುದರ ಬೆಲೆ ಯಾವ ಲೆಕ್ಕದಲ್ಲಿಯೂ ಸೇರದು. ಇತ್ತ ಸರ್ಕಾರದ ನಿವೇಶನ ದೊರೆಯದವರು, ಅದಕ್ಕಾಗಿ ಕಾಯಲಾರದವರು, ಅನುಮೋದಿತ ನಕ್ಷೆಯಿಲ್ಲದ ರೆವಿನ್ಯೂ ನಿವೇಶನಗಳನ್ನು ಕೊಂಡರು. ಹೀಗೆ ಯೋಜನೆಯ ಹೊರಗೇ ಒಂದು ದೊಡ್ಡ ನಗರ ಬೆಳೆಯಿತು.

ಇಂತಹ ಪ್ರದೇಶಗಳನ್ನು ಒಂದೇ ಆಡಳಿತದಡಿ ತರುವ ಸುಧಾರಣೆಯು 2007ರಲ್ಲಿ ನಡೆಯಿತು. ಏಳು ನಗರಸಭೆಗಳು, ಕೆಂಗೇರಿ ಪುರಸಭೆ ಹಾಗೂ 110 ಹಳ್ಳಿಗಳು ಸೇರಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಾಯಿತು. ಸುಮಾರು 226 ಚದರ ಕಿಲೋಮೀಟರಿನಷ್ಟಿದ್ದ ನಗರವು 700 ಚದರ ಕಿಲೋಮೀಟರನ್ನು ಮೀರಿತು. ಇದರ ಪರಿಣಾಮಗಳನ್ನು ಮೂರು ಬಗೆಯಾಗಿ ನೋಡಬಹುದು.

ಮೊದಲನೆಯದು ಪ್ರಾತಿನಿಧ್ಯ. 1993ರ ಪಂಚಾಯತ್ ರಾಜ್ ಅಧಿನಿಯಮದಂತೆ ಗ್ರಾಮ ಪಂಚಾಯಿತಿಯಲ್ಲಿ 400 ಜನಕ್ಕೆ ಒಬ್ಬ ಸದಸ್ಯನಿರತಕ್ಕದ್ದು. ಮಹಾನಗರ ಪಾಲಿಕೆಯ 198 ವಾರ್ಡುಗಳಲ್ಲಿಯೋ, 2011ರ ಜನಗಣತಿಯ 84 ಲಕ್ಷ ಜನಸಂಖ್ಯೆಯನ್ನು ಹಂಚಿದರೆ, ಸರಾಸರಿ 42,000ಕ್ಕೂ ಮೀರಿದ ಜನಕ್ಕೆ ಒಬ್ಬನೇ ಪ್ರತಿನಿಧಿ. ಜಗುಲಿಯ ಮೇಲೆ ಸಿಕ್ಕುತ್ತಿದ್ದ ಸದಸ್ಯನ ಸ್ಥಾನದಲ್ಲಿ ಅರ್ಜಿ ಹಿಡಿದು ಹುಡುಕಬೇಕಾದ ಸದಸ್ಯನು ಬಂದನು. ಎರಡನೆಯದು ಕಾಲ. ವಿಲೀನವಾದದ್ದು 2007ರಲ್ಲಾದರೆ ಚುನಾವಣೆ ನಡೆದದ್ದು 2010ರಲ್ಲಿ. ಅಲ್ಲಿಯವರೆಗೆ ಚುನಾಯಿತ ಸಭೆಯೇ ಇರಲಿಲ್ಲ. ಮೂರನೆಯದು ಸೌಕರ್ಯ. ಈ 110 ಹಳ್ಳಿಗಳಿಗೆ ನೀರೊದಗಿಸಲೆಂದು ಕೈಗೊಂಡ, ದಿನಕ್ಕೆ 77.5 ಕೋಟಿ ಲೀಟರು ಸಾಮರ್ಥ್ಯದ ಕಾವೇರಿ ಐದನೆಯ ಹಂತವು ಉದ್ಘಾಟನೆಗೊಂಡದ್ದು 2024ರ ಅಕ್ಟೋಬರಿನಲ್ಲಿ. ಎಲ್ಲೆಯನ್ನು ಬದಲಾಯಿಸಲು ಒಂದು ಪ್ರಕಟಣೆ ಸಾಕಾಯಿತು. ನೀರಿನ ಯೋಜನೆ ಕೈಗೂಡಲು 17 ವರ್ಷಗಳು ಹಿಡಿದವು.

ಸಂವಿಧಾನದ 74ನೆಯ ತಿದ್ದುಪಡಿಯು 1993ರಲ್ಲಿ ಜಾರಿಗೆ ಬಂದಾಗ ಹನ್ನೆರಡನೆಯ ಅನುಸೂಚಿಯಲ್ಲಿ ಸ್ಥಳೀಯ ಸಂಸ್ಥೆಗಳಿಗೆ ವಹಿಸಬಹುದಾದ 18 ವಿಷಯಗಳನ್ನು ಎಣಿಸಲಾಯಿತು. ಅವುಗಳಲ್ಲಿ ಮೊಟ್ಟಮೊದಲನೆಯದು ನಗರ ಯೋಜನೆ. ಮಹಾನಗರ ಯೋಜನಾ ಸಮಿತಿಯ ಸದಸ್ಯರಲ್ಲಿ ಮೂರರಲ್ಲಿ ಎರಡು ಪಾಲಿಗೆ ಕಡಿಮೆಯಿಲ್ಲದಷ್ಟು ಮಂದಿ ಸ್ಥಳೀಯ ಚುನಾಯಿತ ಪ್ರತಿನಿಧಿಗಳಿಂದಲೇ ಆರಿಸಲ್ಪಟ್ಟವರಾಗಿರಬೇಕೆಂದೂ ವಿಧಿಸಲಾಯಿತು. ಆದರೂ ಬೆಂಗಳೂರಿನಲ್ಲಿ ನಕ್ಷೆಯನ್ನು ಸಿದ್ಧಪಡಿಸುವ ಅಧಿಕಾರವು ಬಹುಕಾಲ ಅಭಿವೃದ್ಧಿ ಪ್ರಾಧಿಕಾರದಲ್ಲಿಯೇ ಉಳಿಯಿತು. 2020ರ ಸೆಪ್ಟೆಂಬರಿನಲ್ಲಿ ಪಾಲಿಕೆಯ ಸದಸ್ಯರ ಅವಧಿ ಮುಗಿದ ಮೇಲೆ ಹಲವು ವರ್ಷ ಚುನಾವಣೆಯೇ ನಡೆಯದೆ ಹೋಯಿತು. 2024ರ ಗ್ರೇಟರ್ ಬೆಂಗಳೂರು ಆಡಳಿತ ಅಧಿನಿಯಮದ ಮೇರೆಗೆ 2025ರ ಸೆಪ್ಟೆಂಬರಿನಲ್ಲಿ ಐದು ನಗರಪಾಲಿಕೆಗಳು ರಚಿತವಾದವು. ಅವುಗಳ ಮೇಲೆ ಮುಖ್ಯಮಂತ್ರಿಗಳ ಅಧ್ಯಕ್ಷತೆಯ ಒಂದು ಪ್ರಾಧಿಕಾರವು ಏರ್ಪಟ್ಟಿತು. ಸಭೆಯು ಚಿಕ್ಕದಾದರೆ ಜನರಿಗೆ ಹತ್ತಿರವಾದೀತೆಂಬ ನಿರೀಕ್ಷೆಗೆ ಆಧಾರವುಂಟು. ಆದರೆ ಯೋಜನೆಯ ಅಧಿಕಾರವು ಮೇಲಿನ ಪ್ರಾಧಿಕಾರದಲ್ಲಿಯೇ ನೆಲೆಗೊಂಡರೆ ಹಳೆಯ ಅಂತರವು ಹೊಸ ಹೆಸರಿನಲ್ಲಿ ಮುಂದುವರಿಯುವುದೂ ಸಾಧ್ಯ.

ಇದರಿಂದ ತಿಳಿದುಬರುವುದಿಷ್ಟು. ಎಲ್ಲೆಯನ್ನು ಹಿಗ್ಗಿಸುವುದಾಗಲಿ ಕುಗ್ಗಿಸುವುದಾಗಲಿ ತನ್ನಷ್ಟಕ್ಕೆ ಸುಧಾರಣೆಯೆನಿಸದು. ಬಡಾವಣೆಯನ್ನು ಯೋಜಿಸುವವರನ್ನು ಅಲ್ಲಿಯ ನಿವಾಸಿಗಳು ಪ್ರಶ್ನಿಸಬಲ್ಲರೇ? ನೀರು, ಚರಂಡಿಗಳ ಹಣವೂ ಹೊಣೆಯೂ ಒಂದೇ ಕೈಯಲ್ಲಿವೆಯೇ? ಸ್ವಾಧೀನಕ್ಕೊಳಗಾಗುವ ಹಳ್ಳಿಯ ಮಾತು, ಅದರ ಪಂಚಾಯಿತಿಯು ಕರಗಿಹೋಗುವ ಮುನ್ನ, ಕೇಳಲ್ಪಟ್ಟಿದೆಯೇ? ಯಾವುದೇ ಹೊಸ ಶಾಸನದ ಗುಣದೋಷಗಳನ್ನು ಈ ಮೂರು ಪ್ರಶ್ನೆಗಳಿಂದ ಪರೀಕ್ಷಿಸುವುದು ಯುಕ್ತ.